ಚಾಕಿ ಮನೆಯ ಬಾಗಿಲು

ಈಗಲೂ ಬೆನ್ನ ಹಿಂದೆ ಬಾಗಿಲು ಮುಚ್ಚಿದ ಸದ್ದಾದರೆ ನನ್ನ ಮಾತು ಅರ್ಧಕ್ಕೆ ನಿಲ್ಲುತ್ತದೆ. ನಾನು ವಿಜ್ಞಾನ ಪಾಠ ಮಾಡುವ ಹನೂರಿನ ಶಾಲೆಯಲ್ಲಿ ತರಗತಿಯ ಬಾಗಿಲು ಗಾಳಿಗೆ ಆಗಾಗ ತಾನೇ ಬಡಿದುಕೊಳ್ಳುತ್ತದೆ. ಮಕ್ಕಳು ನನ್ನ ಮುಖದಲ್ಲಿ ಏನೋ ಕಂಡಿರಬೇಕು. ಈಗೀಗ ನಾನು ಒಳಗೆ ಬರುವ ಮೊದಲೇ ಬಾಗಿಲಿಗೆ ಅರ್ಧ ಇಟ್ಟಿಗೆ ಒತ್ತಿಟ್ಟಿರುತ್ತಾರೆ. 

ಅಕ್ಕ ಬದುಕಿದ್ದಾಳೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಕೋಣೆಯಿಂದ ನಾವು ಎಳೆದುಕೊಂಡು ಬಂದವಳು ಪೂರ್ತಿ ಅಕ್ಕನೇ ಹೌದೇ ಅಲ್ಲವೇ ಎನ್ನುವುದು ಮಾತ್ರ ನನಗೆ ಇನ್ನೂ ಗೊತ್ತಾಗಿಲ್ಲ.

ನಮ್ಮೂರು ಯಳಂದೂರಿನ ಕಡೆ. ಕೊಳ್ಳೇಗಾಲದಲ್ಲಿ ಡಿಗ್ರಿ ಮುಗಿಸಿದ ಮೇಲೆ ಹನೂರಿನಲ್ಲಿ ಕೆಲಸ ಸಿಕ್ಕಿತು, ಅಕ್ಕನ ಮನೆ ಸೇರಿದೆ. ಹನೂರು ದಾಟಿ ಕಾಡಿನ ಅಂಚಿಗೆ ಹೋಗುವ ದಾರಿಯಲ್ಲಿ ಅವಳ ಮನೆ. ಅಕ್ಕ, ಬಾವ, ಬಾವನ ತಾಯಿ ಮೂವರೂ ಸೇರಿ ಚಾಕಿ ಕೇಂದ್ರ ನಡೆಸುತ್ತಾರೆ. ಬಾವನ ತಾಯಿಯನ್ನು ನಾನೂ ಅತ್ತೆ ಎಂದೇ ಕರೆಯುತ್ತೇನೆ. ರೇಷ್ಮೆ ಮೊಟ್ಟೆ ತಂದು ಮರಿ ಮಾಡಿಸಿ, ಎಳೆಹುಳುಗಳು ಎರಡು ಸಲ ಪೊರೆ ಬಿಡುವವರೆಗೆ ಸಾಕಿ, ಆಮೇಲೆ ರೈತರಿಗೆ ಕೊಡುವ ಕೆಲಸ ಅದು. ಹೂಗ್ಯಂ ಕಡೆಯಿಂದಲೂ ಜನ ಬಂದು ಹುಳ ಒಯ್ಯುತ್ತಾರೆ. ಪೊರೆ ಬಿಡುವ ಮೊದಲು ಹುಳ ಸೊಪ್ಪು ಬಿಟ್ಟು, ತಲೆಯೆತ್ತಿ, ಅಲುಗಾಡದೆ ಕೂರುತ್ತದೆ. ಅದನ್ನು ನಮ್ಮಲ್ಲಿ ಜ್ವರ ಎನ್ನುತ್ತಾರೆ. ಯಾವ ತಟ್ಟೆಯ ಹುಳ ಜ್ವರಕ್ಕೆ ಕೂತಿವೆ, ಯಾವುವು ಎದ್ದಿವೆ ಎಂಬುದನ್ನು ಅಕ್ಕ ಬಾಗಿಲಲ್ಲಿ ನಿಂತೇ ಹೇಳುತ್ತಿದ್ದಳು. ಹತ್ತಿರ ಹೋಗಿ ಬಗ್ಗಿ ನೋಡುವವರನ್ನು ಕಂಡರೆ ಅವಳಿಗೆ ನಗು.

ಚಾಕಿ ಮನೆಗೆ ಅದರದೇ ಮಡಿ. ಹುಳ ಇದ್ದಷ್ಟು ದಿನ ಮನೆಯಲ್ಲಿ ಮೆಣಸಿನಕಾಯಿ ಹುರಿಯುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ, ಹೊಗೆಸೊಪ್ಪು ಹಾಕಿದ ಬಾಯಲ್ಲಿ ಒಳಗೆ ಹೋಗುವಂತಿಲ್ಲ. ಎಲ್ಲಕ್ಕಿಂತ ದೊಡ್ಡ ನೇಮ ಬಾಗಿಲಿನದು. ಒಳಗೆ ಹೋದವರು ತಕ್ಷಣ ಹಾಕಿಕೊಳ್ಳಬೇಕು, ಹೊರಗೆ ಬಂದವರು ತಕ್ಷಣ ಹಾಕಬೇಕು. ಎಳೆಹುಳಕ್ಕೆ ಬೆಚ್ಚಗಿರಬೇಕು, ತೇವವೂ ಇರಬೇಕು. ತೆರೆದ ಬಾಗಿಲಲ್ಲಿ ಎರಡೂ ಹೋಗುತ್ತವೆ, ಮೇಲಾಗಿ ಹುಳದ ಮೈಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಊಜಿ ನೊಣ ನುಗ್ಗುತ್ತದೆ. ಹಾಗಾಗಿ ಬಾಗಿಲ ಸುತ್ತ ಹಳೆಯ ಸೈಕಲ್ ಟ್ಯೂಬು ಸೀಳಿ ಹೊಡೆದಿದ್ದರು. ಕಿಟಕಿಗಳಿಗೆ ಬಲೆ, ಬಲೆಯ ಮೇಲೆ ಪ್ಲಾಸ್ಟಿಕ್ ಹಾಳೆ. ಅತ್ತೆ ಅಂಗಳದಲ್ಲಿ ಎಲ್ಲಿದ್ದರೂ ಅವರ ಕಿವಿ ಆ ಬಾಗಿಲ ಮೇಲೇ.

"ಯಾರವ್ವ ಅದು, ಬಾಗ್ಲಾಕು! ಉಳಕ್ಕ ಚಳಿ ಆಯ್ತದ!"

ದಿನಕ್ಕೆ ಎಷ್ಟು ಸಲವೋ. ಒಮ್ಮೆ ಬಾವ ತಮಾಷೆ ಮಾಡಿದ್ದರು. "ನಮ್ಮವ್ವ ಸತ್ತು ಸ್ವರ್ಗಕ್ಕ ಓದ್ರೂ ಅಲ್ಲಿ ಬಾಗ್ಲಾಕ್ಬುಟ್ಟೇ ಕೂರದು ಕಣವ್ವ."

"ಆಕ್ತೀನಿ ಕಣ್ಲಾ," ಎಂದಿದ್ದರು ಅತ್ತೆ, "ನೀನು ಹೊರ್ಗಡೇ ಇರು."

ಮೊದಲು ಕೋಣೆ ಬೆಚ್ಚಗಿಡಲು ಇದ್ದಿಲ ಒಲೆ ಇತ್ತು. ಅದರ ಹೊಗೆಗೆ ಅಕ್ಕನ ಕಣ್ಣು ಸದಾ ಕೆಂಪು. ಹೊಗೆ ಜಾಸ್ತಿಯಾದಾಗ ಅತ್ತೆಯೇ ಬೈದುಕೊಂಡು ಬಾಗಿಲು ತೆಗೆಯುತ್ತಿದ್ದರು. ಆ ಬೈಗುಳವೇ ಇಷ್ಟು ವರ್ಷ ಅಕ್ಕನನ್ನು ಕಾಪಾಡಿತ್ತೋ ಏನೋ ಎಂದು ಈಗ ಅನಿಸುತ್ತದೆ.

ಯಳಂದೂರಿನ ಹತ್ತಿರ ಕೋಳಿಮರಿ ಸಾಕುತ್ತಿದ್ದವರು ಶೆಡ್ ಮುಚ್ಚಿದಾಗ ಬಾವ ಅಲ್ಲಿಂದ ಗ್ಯಾಸ್ ಹೀಟರ್ ತಂದರು. ಚಾವಣಿಗೆ ತೂಗುಹಾಕುವ ದೊಡ್ಡ ತಗಡಿನ ಪೆಟ್ಟಿಗೆ. ಒಳಗೆ ಗ್ಯಾಸ್ ಉರಿಯುತ್ತದೆ, ಹಿಂದಿನ ಫ್ಯಾನು ಉರಿಗೆ ಗಾಳಿ ಕೊಟ್ಟು ಆ ಬಿಸಿಯನ್ನು ಕೋಣೆಗೆ ತಳ್ಳುತ್ತದೆ. ಅದು ಮೊದಲಿದ್ದ ಜಾಗದಲ್ಲಿ ಪೆಟ್ಟಿಗೆಯ ತಲೆಯಿಂದ ಒಂದು ತಗಡಿನ ಕೊಳವೆ ಸೂರು ದಾಟಿ ಹೊರಗೆ ಹೋಗಿತ್ತು. ಬಾವ ಕೊಳವೆಯನ್ನು ಅಲ್ಲೇ ಬಿಟ್ಟು ಬಂದಿದ್ದರು.

"ಅದೂ ಬೇಕಲ್ವಾ ಬಾವ?" ಅಂದೆ.

"ಹೊಗೆನೇ ಇಲ್ದ ಮ್ಯಾಲ ಹೊಗೆ ಪೈಪು ಯಾಕವ್ವ? ಸೂರು ತೂತ ಮಾಡುದ್ರ ಊಜಿಗ ನಾವೇ ದಾರಿ ಮಾಡ್ಕೊಟ್ಟಂಗ ಆಯ್ತದ."

ಆ ಮಾತು ಆ ಮನೆಯಲ್ಲಿ ಯಾರಿಗೂ ತಪ್ಪಾಗಿ ಕೇಳಿಸಲಿಲ್ಲ. ಹೊಗೆಯನ್ನೇ ಶತ್ರು ಮಾಡಿಕೊಂಡು ಬದುಕಿದವರಿಗೆ ಹೊಗೆಯಿಲ್ಲದ ಬೆಂಕಿ ಎಂದರೆ ದೇವರು ಕೊಟ್ಟಂತೆ. ಅಡುಗೆಮನೆಯಲ್ಲೂ ಅದೇ ಗ್ಯಾಸ್ ತಾನೆ.

ವೈರಿಂಗ್ ಮಾಡಲು ಹನೂರಿನಿಂದ ಒಬ್ಬರು ಬಂದರು. ಬಾಯಿ ತುಂಬ ಮಾತು, ಕೈ ಚುರುಕು. ಥರ್ಮೋಸ್ಟಾಟನ್ನು ಒಳಗಿನ ಗೋಡೆಗೆ, ತಟ್ಟೆಗಳ ಎತ್ತರಕ್ಕೆ ಕೂರಿಸಿದರು. ಬೆಂಕಿಪೊಟ್ಟಣಕ್ಕಿಂತ ಒಂದಿಷ್ಟು ದೊಡ್ಡದು. ತನ್ನ ಸುತ್ತಲಿನ ಗಾಳಿ ತಣ್ಣಗಾದರೆ ಹೀಟರ್ ಹೊತ್ತಿಸುತ್ತದೆ, ಬೆಚ್ಚಗಾದರೆ ಆರಿಸುತ್ತದೆ. ಬಾವ ಅದನ್ನು ಬಾಗಿಲ ಪಕ್ಕ, ಸ್ವಿಚ್ಚುಗಳ ಜೊತೆಯಲ್ಲೇ ಇಡಿ ಎಂದಿದ್ದರು.

"ಬಾಗ್ಲತ್ರ ಬ್ಯಾಡ ಸಾ. ನೀವು ಬಾಗ್ಲು ತಗ್ದಾಗೆಲ್ಲ ತಣ್ಣನ್ ಗಾಳಿ ತಗಲಿ ಇದು ಸುಮ್ಸುಮ್ನೆ ಉರ್ಸ್ತದ," ಎಂದರು ಅವರು. ಆ ಮಾತು ಸರಿಯಾಗಿಯೇ ಇತ್ತು.

ಆದರೆ ಇನ್ನೊಂದು ವಿಷಯದಲ್ಲಿ ಬಾವ ಪಟ್ಟು ಬಿಡಲಿಲ್ಲ. ನಮ್ಮಲ್ಲಿ ಚಳಿಗಾಲದ ಬೆಳಗಿನ ಜಾವ ಕರೆಂಟ್ ಹೋಗುವುದು ಮಾಮೂಲು. ಹುಳಕ್ಕೆ ಬೆಚ್ಚಗಿರಬೇಕಾದದ್ದೂ ಆಗಲೇ. ಮನೆಯಲ್ಲಿದ್ದ ಸಣ್ಣ ಯುಪಿಎಸ್ ಆ ದೊಡ್ಡ ಫ್ಯಾನನ್ನು ಎಳೆಯುತ್ತಿರಲಿಲ್ಲ. ಗ್ಯಾಸ್ ಬಿಡುವ ವಾಲ್ವನ್ನಾದರೂ ಯುಪಿಎಸ್‌ಗೆ ಕೊಡಿ, ಫ್ಯಾನು ಲೈನಿನ ಮೇಲೇ ಇರಲಿ ಎಂದರು ಬಾವ.

"ಎರಡೂ ಒಂದರಲ್ಲೇ ಇರ್ಬೇಕು ಸಾ. ಫ್ಯಾನ್ ನಿಂತ್ರೆ ಗ್ಯಾಸೂ ನಿಲ್ಬೇಕು."

"ಗ್ಯಾಸ್ ನಿಂತ್ರ ಉಳ ಸೆಟ್ಗಂಡೋಯ್ತವ ಕಣಯ್ಯ. ಆಮೇಲ ರೈತ್ರು ನಿನ್ನ ಮನೆ ಮುಂದ ಬಂದು ನಿಂತ್ಕತಾರ."

"ಸರಿ ಬುಡಿ. ನೀವೇಳ್ದಂಗೇ ಮಾಡ್ತೀನಿ. ಆಮೇಲೆ ನನ್ನ ಅನ್ಬ್ಯಾಡಿ," ಎಂದು ನಕ್ಕು ವೈರು ಬೇರೆ ಮಾಡಿದರು. ಅತ್ತೆ ಕಾಫಿ ಕೊಟ್ಟರು. ಹೀಟರ್ ಹೊತ್ತಿಕೊಂಡಿತು. ನೀಲಿ ಉರಿ, ಹೊಗೆಯೂ ಇಲ್ಲ, ವಾಸನೆಯೂ ಇಲ್ಲ. ಅಕ್ಕ ಕೋಣೆಯ ನಡುವೆ ನಿಂತು ಎರಡು ಕೈಯನ್ನೂ ಮೇಲೆತ್ತಿ ಬಿಸಿ ನೋಡಿದಳು. "ಈ ಸಲ ನನ್ನ ಕಣ್ಣು ಬದಿಕ್ಕತು," ಎಂದಳು.

ಮುಂದೆ ನಡೆದದ್ದನ್ನು ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಹಿಂದುಮುಂದಾಗಿ ಜೋಡಿಸಿಕೊಂಡೆ. ಆಗ ನಮಗೆ ಯಾರಿಗೂ ಅದು ಒಂದು ಸಾಲಾಗಿ ಕಂಡಿರಲಿಲ್ಲ.

ಹುಳ ಜ್ವರಕ್ಕೆ ಕೂತಾಗ ಅವುಗಳ ಮೇಲೆ ಸುಣ್ಣದ ಪುಡಿ ಉದುರಿಸುತ್ತಾರೆ. ಆ ಪುಡಿ ಬಿದ್ದು ಕೆಡಬಾರದೆಂದು ಅಕ್ಕ ಥರ್ಮೋಸ್ಟಾಟಿನ ಮೇಲೆ ಒಂದು ತುಂಡು ಗೋಣಿತಾಟು ಇಳಿಬಿಟ್ಟಳು. ಹೊಸ ವಸ್ತುವಿನ ಮೇಲಿನ ಮುತುವರ್ಜಿ. ಹುಳ ಜ್ವರದಿಂದ ಎದ್ದು ಸೊಪ್ಪು ತಿನ್ನಲು ಶುರುಮಾಡಿದ ಮೇಲೆ, ಕೋಣೆಯಲ್ಲಿ ತೇವ ಇರಲೆಂದು, ಎಂದಿನಂತೆ ಗೋಡೆಗಳ ಉದ್ದಕ್ಕೂ ಗೋಣಿತಾಟು ಕಟ್ಟಿ ನೀರು ಚಿಮುಕಿಸಿದಳು. ಆ ತುಂಡೂ ಅವುಗಳ ಜೊತೆ ಒದ್ದೆಯಾಯಿತು. ಒದ್ದೆ ಬಟ್ಟೆ ಆರುವಾಗ ತಣ್ಣಗಾಗುತ್ತದೆ. ಅದರ ಕೆಳಗಿದ್ದ ಥರ್ಮೋಸ್ಟಾಟಿಗೆ ಕೋಣೆ ಯಾವಾಗಲೂ ತಣ್ಣಗೇ. ಹೀಟರ್ ಆರುವುದೇ ನಿಂತಿತು. ಬಿಸಿ ಹೆಚ್ಚಿ ತಟ್ಟೆಯ ಸೊಪ್ಪು ಬೇಗ ಬಾಡತೊಡಗಿತು. ಸೊಪ್ಪು ಬಾಡಿದರೆ ತೇವ ಸಾಲದು ಎಂದು ಅರ್ಥ, ಇನ್ನಷ್ಟು ನೀರು ಹೊಡೆಯಬೇಕು ಎಂದು ಅರ್ಥ. ಅಕ್ಕ ಹೊಡೆದಳು. ಒಳಗೆ ನೇತಾಡುತ್ತಿದ್ದ ಗಾಜಿನ ತಾಪಮಾಪಕವನ್ನು ಯಂತ್ರ ಬಂದ ಮೇಲೆ ಯಾರೂ ನೋಡುತ್ತಿರಲಿಲ್ಲ.

"ಈ ಸಲ ಉಳ ಜೋರಾಗಿ ಬೆಳೀತಾವ," ಎಂದು ಅವಳಿಗೆ ಖುಷಿ. ಅದರ ಜೊತೆಗೇ ತಲೆನೋವು. ಹಣೆಗೆ ಬಟ್ಟೆ ಬಿಗಿದು ಸೊಪ್ಪು ಕತ್ತರಿಸುತ್ತಿದ್ದಳು.

"ಚಳಿಗ ಕಣವ್ವ," ಎಂದರು ಅತ್ತೆ. "ನಿಮ್ಮ ಯಳಂದೂರ್ನೋರಿಗ ನಮ್ಮ ಕಾಡಿನ್ ಚಳಿ ತಡಿಯಲ್ಲ."

ಅಂಗಳಕ್ಕೆ ಬಂದು ಬಿಸಿಲಲ್ಲಿ ಕೂತರೆ ತಲೆನೋವು ಹೋಗುತ್ತಿತ್ತು. ಹಾಗಾಗಿ ಅತ್ತೆಯ ಮಾತನ್ನು ಎಲ್ಲರೂ ಒಪ್ಪಿದೆವು.

ಆ ದಿನ ಬೆಳಗಾಗಿತ್ತು. ಮಂಜು ಮಾತ್ರ ಇನ್ನೂ ಹಿಪ್ಪುನೇರಳೆ ತೋಟದ ಮೇಲೆ ಕೂತಿತ್ತು. ಕರೆಂಟ್ ಇರಲಿಲ್ಲ. ಬಾವ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದರು. ನಾನು ತಲೆ ಬಾಚಿಕೊಂಡು ಶಾಲೆಗೆ ಹೊರಡಲು ಅಂಗಳಕ್ಕೆ ಬಂದೆ. ಚಾಕಿ ಮನೆಯ ಬಾಗಿಲ ಮುಂದೆ ಸೊಪ್ಪಿನ ಎರಡನೇ ಕುಕ್ಕೆ ಹಾಗೇ ಇತ್ತು. ಅಕ್ಕ ಒಂದು ಕುಕ್ಕೆ ಹಾಕಿ, ಹೊರಗೆ ಬಂದು, ಎರಡನೆಯದನ್ನು ಒಯ್ಯುವುದು ಪದ್ಧತಿ. ಸೊಪ್ಪನ್ನು ಬಿಸಿಲಿಗಾಗಲಿ ಮಂಜಿಗಾಗಲಿ ಬಿಡುವವಳಲ್ಲ. ಕೂಗಿದೆ. ಮತ್ತೆ ಕೂಗಿದೆ.

ಬಾಗಿಲು ತಳ್ಳಿ ಒಳಗೆ ಹೋದೆ. ಮೊದಲು ತಟ್ಟಿದ್ದು ಸೆಕೆ. ಫ್ಯಾನಿನ ಸದ್ದಿಲ್ಲ. ಹೀಟರಿನ ಹೊಟ್ಟೆಯಲ್ಲಿ ಉರಿ ಹಳದಿಯಾಗಿ, ಉದ್ದುದ್ದ ನಾಲಗೆಯಾಗಿ ಆಡುತ್ತಿತ್ತು. ಪೆಟ್ಟಿಗೆಯ ಅಂಚೆಲ್ಲ ಮಸಿ. ಅಕ್ಕ ತಟ್ಟೆಗಳ ಸ್ಟ್ಯಾಂಡಿಗೆ ಒರಗಿ ನೆಲದ ಮೇಲೆ ಕೂತಿದ್ದಳು. ಮಡಿಲಲ್ಲಿ ಸೊಪ್ಪಿತ್ತು. ಕೆನ್ನೆ ಕೆಂಪಗೆ, ಆರೋಗ್ಯವಂತರ ಕೆನ್ನೆಯ ಹಾಗೆ ಇತ್ತು. ಕಣ್ಣು ಅರ್ಧ ತೆರೆದಿತ್ತು, ನನ್ನನ್ನು ನೋಡುತ್ತಿರಲಿಲ್ಲ.

ಆಗ ನನ್ನ ಹಿಂದೆ ಬಾಗಿಲು ಮುಚ್ಚಿತು.

ಅತ್ತೆ. ನೀರಿನ ಕೊಡ ಹಿಡಿದು ಹೋಗುತ್ತಿದ್ದವರು ತೆರೆದ ಬಾಗಿಲು ಕಂಡು, ಒಳಗೆ ನೋಡದೆ, ಎಳೆದು ಹಾಕಿ, ಮುಂದೆ ಹೋದರು. "ಯಾರವ್ವ ಬಾಗ್ಲು..." ಎನ್ನುವ ಅವರ ದನಿ ಟ್ಯೂಬಿನ ಅಂಚು ಬಿಗಿದುಕೊಂಡಂತೆ ಅಲ್ಲಿಗೇ ನಿಂತಿತು.

ಅಕ್ಕನ ಕಂಕುಳಿಗೆ ಕೈ ಹಾಕಿ ಎಳೆದೆ. ಅವಳು ಇಷ್ಟು ಭಾರ ಎಂದು ನನಗೆ ಗೊತ್ತಿರಲಿಲ್ಲ. ಬಾಗಿಲವರೆಗೆ ಬರುವಷ್ಟರಲ್ಲಿ ನಾನೂ ನೆಲಕ್ಕೆ ಕುಸಿದಿದ್ದೆ. ಬಾಗಿಲು ಒಳಗೆ ತೆರೆದುಕೊಳ್ಳುವಂಥದ್ದು, ತೇವಕ್ಕೆ ಊದಿಕೊಂಡಿತ್ತು. ಅಕ್ಕನ ಕಾಲು ಅದಕ್ಕೆ ಅಡ್ಡ ಬಿದ್ದಿತ್ತು. ಬಡಿದೆ.

ಹೊರಗಿನಿಂದ ಅತ್ತೆಯ ದನಿ ನಿಧಾನವಾಗಿ ಬಂತು. "ಬಡೀಬ್ಯಾಡ ಕಣವ್ವ, ಉಳ ಬೆಚ್ಚುತವ. ಸೊಪ್ಪು ತಾನೆ, ತತ್ತೀನಿ ತಡಿ."

ನಾನು ಕೂಗಿದೆ ಎಂದುಕೊಂಡಿದ್ದೆ. ನನ್ನ ದನಿ ಹೊರಗೆ ಕೇಳಿಸಲೇ ಇಲ್ಲ ಎಂದು ಅತ್ತೆ ಆಮೇಲೆ ಹೇಳಿದರು. ಬಾಗಿಲ ಕೆಳಗಿನ ಸಂದಿಗೆ ಮುಖ ಕೊಟ್ಟೆ. ಅಲ್ಲೂ ಟ್ಯೂಬು. ರಬ್ಬರಿನ ವಾಸನೆ. ಆ ಹೊತ್ತಿಗೆ ನನಗೆ ಹೆದರಿಕೆ ಇರಲಿಲ್ಲ. ನಿದ್ದೆ ಬರುತ್ತಿತ್ತು. ಅದನ್ನು ನೆನೆದಾಗಲೇ ಈಗ ಹೆಚ್ಚು ಹೆದರಿಕೆಯಾಗುವುದು.

ಬಾಗಿಲು ಒದ್ದವರು ಬಾವ. ತೋಟದಿಂದ ಸೊಪ್ಪಿನ ಹೊರೆ ಹೊತ್ತು ಬಂದವರು ಬಡಿತ ಕೇಳಿ ಹೊರೆ ಎಸೆದಿದ್ದರು. ಬಾಗಿಲಿನ ಜೊತೆಗೆ ನಾವಿಬ್ಬರೂ ಹಿಂದಕ್ಕೆ ಸರಿದೆವು. ಅವರು ಅಕ್ಕನನ್ನು ಎತ್ತಿ ಅಂಗಳದಲ್ಲಿ ಮಲಗಿಸಿದರು, ನನ್ನನ್ನು ತೋಳು ಹಿಡಿದು ಎಳೆದು ಹಾಕಿದರು. ಆಮೇಲೆ ತಿರುಗಿ ನಡೆದು ಹೋಗಿ ಚಾಕಿ ಮನೆಯ ಬಾಗಿಲು ಹಾಕಿ ಬಂದರು.

ನಾನು ನೆಲದ ಮೇಲೆ ಮಲಗಿ ಅದನ್ನು ನೋಡಿದೆ. ಅವರ ಮುಖ ಅಳುತ್ತಿತ್ತು, ಬಾಯಲ್ಲಿ ಅಕ್ಕನನ್ನು ಕೂಗುತ್ತಿದ್ದರು, ಕೈ ತನ್ನ ಪಾಡಿಗೆ ಬಾಗಿಲು ಹಾಕಿತು. ಇಂದಿಗೂ ಅವರಿಗೆ ಅದು ಗೊತ್ತಿದ್ದಂತಿಲ್ಲ. 

ಹನೂರಿನ ಆಸ್ಪತ್ರೆಯಲ್ಲಿ ಮೂಗಿಗೆ ಆಕ್ಸಿಜನ್ ಕೊಟ್ಟು, ಕೊಳ್ಳೇಗಾಲಕ್ಕೆ ಕರೆದುಕೊಂಡು ಹೋಗಿ ಎಂದರು. ಆಂಬುಲೆನ್ಸಿನ ಮುಂದೆ ಕುಂತೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತ ಟ್ರಾಕ್ಟರುಗಳ ಸಾಲು. ಚಾಲಕ ತಲೆ ಹೊರಗೆ ಹಾಕಿ ಕೂಗುತ್ತಲೇ ಇದ್ದ. "ಲೇ, ಪಕ್ಕಕ್ಕ ತಗಿಯೋ! ಕಬ್ಬು ಓಡೋಯ್ತದೇನ್ಲಾ?" ಅಕ್ಕನ ಕೂದಲಲ್ಲಿ ಒಂದು ಹುಳ ಅಂಟಿಕೊಂಡಿತ್ತು, ಜೀವಂತ. ಬಾವ ಅದನ್ನು ಬೆರಳಲ್ಲಿ ತೆಗೆದು, ಎಲ್ಲಿ ಇಡುವುದೆಂದು ತಿಳಿಯದೆ, ಕೊಳ್ಳೇಗಾಲದವರೆಗೂ ಅಂಗೈಯಲ್ಲೇ ಹಿಡಿದಿದ್ದರು.

"ಕೋಣೆಯಲ್ಲಿ ಏನು ಉರಿಯುತ್ತಿತ್ತು?" ಎಂದು ಅಲ್ಲಿನ ವೈದ್ಯರು ಕೇಳಿದರು.

"ಏನೂ ಉರೀತಿರ್ನಿಲ್ಲ ಸಾ. ಗ್ಯಾಸು ಅಷ್ಟೆ."

ವೈದ್ಯರು ಬಾವನ ಮುಖವನ್ನೇ ನೋಡಿದರು. "ಗ್ಯಾಸು ಉರಿಯೋದಲ್ವೇನ್ರೀ?"

"ಹೊಗೆ ಬರಲ್ಲ ಸಾ ಅದ್ರಲ್ಲಿ."

"ಹೊಗೆ ಬಂದಿದ್ರೆ ಎದ್ದು ಓಡಿಬರ್ತಿದ್ರು. ಗಾಳಿ ಸಾಲದೆ ಉರಿದ್ರೆ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷ ಬರುತ್ತೆ, ಕಣ್ಣಿಗೂ ಕಾಣಲ್ಲ, ಮೂಗಿಗೂ ಸಿಕ್ಕಲ್ಲ," ಎಂದು ಅವರು ಅಕ್ಕನ ಕಡೆ ತಿರುಗಿದರು.

ಸಂಜೆಗೆ ಅಕ್ಕ ಕಣ್ಣು ಬಿಟ್ಟಳು. ಆಕ್ಸಿಜನ್ ಮಾಸ್ಕ್ ಸರಿಸಿ, "ಸೊಪ್ಪಾಕಿದ್ರಾ?" ಎಂದಳು. ನಾವೆಲ್ಲ ಅತ್ತುಕೊಂಡೇ ನಕ್ಕೆವು. ಅವಳೇ, ನಮ್ಮವಳೇ ಎನಿಸಿತು. "ಆಕೀವಿ ಕಣೆ, ಅವ್ವ ಆಕಿಸ್ತಾ ಅದ," ಎಂದರು ಬಾವ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ, "ಸೊಪ್ಪಾಕಿದ್ರಾ?" ಎಂದಳು. ಬಾವ ಮತ್ತೆ ಹೇಳಿದರು. ಮತ್ತೊಮ್ಮೆ ಕೇಳಿದಾಗ ಬಾವ ನಗಲಿಲ್ಲ. ನನ್ನ ಕಡೆ ನೋಡಿದರು.

ಹುಳುಗಳಿಗೆ ಏನೂ ಆಗಿರಲಿಲ್ಲ. ಬಾವ ಕೊಳ್ಳೇಗಾಲದಿಂದ ಫೋನಿನಲ್ಲಿ ಹೇಳಿದಂತೆ ಅತ್ತೆ ಗ್ಯಾಸ್ ನಿಲ್ಲಿಸಿ, ಬಾಗಿಲು ತೆರೆದಿಟ್ಟು, ಅಕ್ಕಪಕ್ಕದವರನ್ನು ಕರೆದು ಸೊಪ್ಪು ಹಾಕಿಸಿದ್ದರು. ಮನುಷ್ಯರ ರಕ್ತ ಹಿಡಿದುಕೊಳ್ಳುವ ಆ ವಿಷವನ್ನು ಅವುಗಳ ದೇಹ ಲೆಕ್ಕಕ್ಕೇ ಇಟ್ಟಿರಲಿಲ್ಲ. ಅವು ಎರಡನೇ ಜ್ವರ ಮುಗಿಸಿ ಎದ್ದವು, ರೈತರು ಬಂದು ಒಯ್ದರು. "ಒಳ್ಳೆ ಚಾಕಿ ಕಣವ್ವ, ಒಂದೂ ಸತ್ತಿಲ್ಲ," ಎಂದು ಹೂಗ್ಯಂ ಕಡೆಯ ಒಬ್ಬರು ಮೆಚ್ಚಿ ಹೇಳಿದರಂತೆ. ಅತ್ತೆ ಅದನ್ನು ನನಗೆ ಹೇಳುವಾಗ ಬೇರೆಲ್ಲೋ ನೋಡುತ್ತಿದ್ದರು.

ಹೀಟರ್ ತೆಗೆದುಹಾಕಿ ಎಂದು ನಾನು ಬಾವನಿಗೆ ಹೇಳಿದೆ. ತೆಗೆದರೆ ಮತ್ತೆ ಇದ್ದಿಲ ಒಲೆ ಎಂದರು. ಅದು ಇದಕ್ಕಿಂತ ಕೆಟ್ಟದ್ದು ಎಂದು ಈಗ ಇಬ್ಬರಿಗೂ ಗೊತ್ತಿತ್ತು. ಕೊನೆಗೆ ಯಳಂದೂರಿನ ಕೋಳಿ ಶೆಡ್‌ನಲ್ಲಿ ಅದನ್ನು ಮೊದಲು ಕೂರಿಸಿದ್ದವರನ್ನೇ ಹುಡುಕಿ ಕರೆಸಿದರು. ಅವರು ಹೊಸ ಕೊಳವೆ ಹಾಕಿ ಸೂರಿನ ಹೊರಗೆ ಬಿಟ್ಟು, ಅದರ ಬಾಯಿಗೆ ಟೋಪಿ ಕೂರಿಸಿ, ಸಂದಿಗಳನ್ನು ಮುಚ್ಚಿದರು. ಉರಿಯುವ ಜಾಗದಲ್ಲಿ ಗಟ್ಟಿಕಟ್ಟಿದ್ದ ಸುಣ್ಣದ ಪುಡಿ ತೆಗೆದರು. ಫ್ಯಾನು, ವಾಲ್ವು ಎರಡಕ್ಕೂ ಒಂದೇ ಲೈನು, ಒಂದೇ ಸ್ವಿಚ್ಚು, ಪೆಟ್ಟಿಗೆಗೆ ಅರ್ತಿಂಗು. ಕರೆಂಟ್ ಹೋದರೆ ಬೆಂಕಿಯೂ ಹೋಗುತ್ತದೆ, ಹುಳ ನಡುಗಿದರೆ ನಡುಗಲಿ. ಗೋಡೆಯಲ್ಲಿ ಕೆಳಗೊಂದು ಮೇಲೊಂದು ಕಿಂಡಿ ಒಡೆದು ಬಲೆ ಮಾತ್ರ ಹೊಡೆದರು, ಪ್ಲಾಸ್ಟಿಕ್ ಇಲ್ಲ. ಥರ್ಮೋಸ್ಟಾಟ್ ಇದ್ದ ಗೋಡೆಯಲ್ಲೇ ಉಳಿಯಿತು. ಯಾರೂ ಏನೂ ಹೊದಿಸದಂತೆ ಅದರ ಸುತ್ತ ಕಂಬಿಯ ಪಂಜರ ಕಟ್ಟಿ, ಆ ಗೋಡೆಯ ಗೋಣಿತಾಟಿನ ಮೊಳೆಗಳನ್ನೆಲ್ಲ ಕಿತ್ತರು. ಕೆಟ್ಟ ಗಾಳಿ ಸೇರಿದರೆ ಕೂಗುವ ಒಂದು ಯಂತ್ರವನ್ನೂ ಬಾವ ಮೈಸೂರಿನಿಂದ ತರಿಸಿ ಹಾಕಿಸಿದ್ದಾರೆ. ಅದು ಈವರೆಗೆ ಕೂಗಿಲ್ಲ. ಬಾವ ಆಗಾಗ ಅದರ ಗುಂಡಿ ಒತ್ತಿ ಕೂಗಿಸಿ ನೋಡುತ್ತಾರೆ.

ಹೊಸ ಮೊಟ್ಟೆ ಬಂದಾಗ ಅಕ್ಕ ತಾನೇ ಒಳಗೆ ಹೋದಳು. ಬೇಡವೆಂದರೆ ಮನೆಯಲ್ಲಿ ಬೇರೇನು ಮಾಡಲಿ ಎಂದು ಕೇಳಿದಳು. ಅವಳನ್ನು ಒಬ್ಬಳನ್ನೇ ಬಿಡುವುದಿಲ್ಲ. ಬಾವನೋ ನಾನೋ ಜೊತೆಗಿರುತ್ತೇವೆ. ಆ ಬೆಳಗು ಅವಳಿಗೆ ನೆನಪಿಲ್ಲ. ಮಾತು ಹುಡುಕುತ್ತಾಳೆ. ತಟ್ಟೆಯ ಮೇಲೆ ಬಗ್ಗಿ, ತುಂಬ ಹತ್ತಿರ ಬಗ್ಗಿ, "ಇವು ಜ್ವರಕ್ಕ ಕೂತಿದವಾ?" ಎಂದು ನನ್ನನ್ನು ಕೇಳುತ್ತಾಳೆ. ಬಾಗಿಲಲ್ಲೇ ನಿಂತು ಹೇಳುತ್ತಿದ್ದವಳು. ನನಗೆ ಅದು ಗೊತ್ತಾಗುವುದಿಲ್ಲ, ಬಾವನನ್ನು ಕರೆಯುತ್ತೇನೆ.

ಅತ್ತೆ ಈಗ ಅಂಗಳದಲ್ಲಿ ಕೂರುವುದಿಲ್ಲ. ಅಕ್ಕ ಒಳಗಿದ್ದಷ್ಟು ಹೊತ್ತು ಚಾಕಿ ಮನೆಯ ಹೊಸ್ತಿಲ ಮೇಲೆ ಚಾಪೆ ಹಾಕಿಕೊಂಡು, ಒಂದು ಕಾಲು ಒಳಗೆ ಚಾಚಿ ಕೂರುತ್ತಾರೆ. "ಇದ್ಯಾಕ್ ಮೊಗಿ ಇಂಗ್ ಕೂತಿದ್ದೀಯ?" ಎಂದು ಹಾದಿಯಲ್ಲಿ ಹೋಗುವವರು ಕೇಳಿದರೆ, "ಮಂಡಿ ಬಗ್ಗಲ್ಲ ಕನಾ," ಎನ್ನುತ್ತಾರೆ.

ಮೊನ್ನೆ ಬೆಳಿಗ್ಗೆ ನಾನು ಸೊಪ್ಪಿನ ಕುಕ್ಕೆ ತೆಗೆದುಕೊಂಡು ಒಳಗೆ ಬರುವಾಗ, ಅಕ್ಕ ಸ್ಟೂಲಿನ ಮೇಲೆ ನಿಂತು, ಒದ್ದೆ ಗೋಣಿತಾಟೊಂದನ್ನು ಆ ಪಂಜರದ ಮೇಲೆ ಹೊದಿಸುತ್ತಿದ್ದಳು. ಅಂಚುಗಳನ್ನು ಕಂಬಿಗೆ ಅಚ್ಚುಕಟ್ಟಾಗಿ ಸಿಕ್ಕಿಸುತ್ತಿದ್ದಳು.

"ಏನ್ ಮಾಡ್ತಿದ್ದೀಯ ಅಕ್ಕ?"

"ಸುಣ್ಣ ಬಿದ್ದು ಕೆಟ್ಟೋಯ್ತದ ಕಣೆ. ಒಸ ವಸ್ತು," ಎಂದಳು.

ನಾನು ತಾಟನ್ನು ಬಿಡಿಸಿ ತೆಗೆದೆ. ಅವಳು ಬೈಯಲಿಲ್ಲ. ಯಾರದೋ ಮನೆಯಲ್ಲಿ ಯಾರೋ ಏನೋ ಮಾಡುವುದನ್ನು ನೋಡುವಂತೆ ನೋಡಿದಳು. ಆಮೇಲೆ ಸ್ಟೂಲಿನಿಂದ ಇಳಿದು ಸೆರಗು ಹೊದ್ದುಕೊಂಡಳು.

"ಬಾಗ್ಲು ಯಾಕ ತಗ್ದಿದ್ದೀರಿ?" ಎಂದಳು. "ಉಳಕ್ಕ ಚಳಿ ಆಯ್ತದ. ಬಾಗ್ಲಾಕು."

ನಾನು ಬಾಗಿಲ ಕಡೆ ನೋಡಿದೆ. ಅತ್ತೆ ಆ ಮಾತು ಕೇಳಿಸಿಕೊಂಡು ತಲೆ ತಗ್ಗಿಸಿದರು. ಕಾಲು ತೆಗೆಯಲಿಲ್ಲ.